ಆಸ್ಪತ್ರೆ ಬಿಲ್ಲಿನ ಸುಳ್ಳಿಗೆ ಎಷ್ಟು ಪಟ್ಟು ದಂಡ?

ಸೊಸೈಟಿಗೆ ಅಡಿಕೆ ಕೊಟ್ಟರೆ ತೂಕದ ಚೀಟಿ ಇಲ್ಲದೆ ನಾವು ಮನೆಗೆ ಬರುವುದಿಲ್ಲ. ಆಸ್ಪತ್ರೆಯಿಂದ ಬರುವಾಗ ಮಾತ್ರ ಚೀಟಿ ಕೇಳುವವರು ಕಡಮೆ. ಕಾರ್ಡಿನಲ್ಲಿ ಆದದ್ದಲ್ವಾ, ನಮ್ಮ ಕೈಯಿಂದ ಹೋದದ್ದೇನು ಅಂತ ಸಮಾಧಾನ. ಹೋಗುವುದು ಉಂಟು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ. ಮಾಡದ ಚಿಕಿತ್ಸೆಗೆ ಬರೆದ ಬಿಲ್ಲೂ ಆ ಲೆಕ್ಕದಲ್ಲೇ ಕಳೆದುಹೋಗುತ್ತದೆ.

ಕೇಂದ್ರದ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರಿನಲ್ಲಿ. ಸುಳ್ಳು ಬಿಲ್ಲಿಗೆ ದಂಡದ ಪಟ್ಟಿಯನ್ನೂ ಆಗಲೇ ಮಾರ್ಗಸೂಚಿಯಲ್ಲಿ ಕೊಟ್ಟಿದ್ದಾರೆ. ಕೊಡದ ಚಿಕಿತ್ಸೆಗೆ ಬಿಲ್ಲು ಹಾಕಿದರೆ ಮೊದಲ ಸಲ ಮೂರು ಪಟ್ಟು, ಎರಡನೇ ಸಲ ಎಂಟು ಪಟ್ಟು. ಸಣ್ಣ ಚಿಕಿತ್ಸೆಯನ್ನು ದೊಡ್ಡದಾಗಿ ತೋರಿಸಿದರೆ ಹೆಚ್ಚು ಕೇಳಿದ ಹಣದ ಎಂಟು ಪಟ್ಟಿನ ತನಕ, ಮತ್ತೊಮ್ಮೆ ಸಿಕ್ಕಿಬಿದ್ದರೆ ಹದಿನಾರರ ತನಕ. ಹತ್ತು ಸಾವಿರದ ಕೆಲಸಕ್ಕೆ ಮೂವತ್ತು ಸಾವಿರ ಬರೆದರು ಅಂತಿಟ್ಟುಕೊಳ್ಳಿ. ಹೆಚ್ಚಿನದ್ದು 20,000. ಮೊದಲ ಸಲಕ್ಕೇ 1,60,000ದ ತನಕ ಏರಬಹುದು. ಮೂರನೇ ಸಲಕ್ಕೆ ಪಟ್ಟಿಯಿಂದಲೇ ಹೊರಗೆ.

ಇದು ಶಿಫಾರಸು ಮಾತ್ರ. ರಾಜ್ಯದ ಸಂಸ್ಥೆ ಇದಕ್ಕಿಂತ ಜಾಸ್ತಿಯೂ ಹಾಕಬಹುದು, ಕಡಮೆಯೂ ಹಾಕಬಹುದು. ಕಾರಣವನ್ನು ಆದೇಶದಲ್ಲಿ ಬರೆಯಲೇಬೇಕು. ಅದಕ್ಕೆ ನೋಡುವುದು ನಾಲ್ಕು ಸಂಗತಿ: ತಪ್ಪು ಎಷ್ಟು ಗಂಭೀರ, ಎಷ್ಟು ಸಲ ಆಯಿತು, ಎಷ್ಟು ದೊಡ್ಡ ಪ್ರಮಾಣದ್ದು, ಬೇಕೆಂದೇ ಮಾಡಿದ್ದೋ ಹೇಗೆ. ಕೊನೆಯದ್ದೇ ಕಷ್ಟದ್ದು. ಮನಸ್ಸಿನೊಳಗೆ ಏನಿತ್ತು ಅಂತ ಯಾರು ನೋಡಿದ್ದಾರೆ? ಗುಮಾಸ್ತ ಒಂದು ಕೋಡ್ ತಪ್ಪಿ ಬರೆದರೆ ಕಣ್ತಪ್ಪು ಅನ್ನಬಹುದು. ಅದೇ ಕೋಡ್ ಐವತ್ತು ಫೈಲಿನಲ್ಲಿದ್ದರೆ ಹಾಗನ್ನಲು ಬರುವುದಿಲ್ಲ. ರಶೀದಿ ಕೊಡದೆ ಹಣ ತೆಗೆದುಕೊಂಡರೂ ಅಷ್ಟೇ.

ನಮ್ಮಲ್ಲಿಗೆ ಕೊಯ್ಲಿಗೆ ಬರುವವರೊಬ್ಬರು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಕಾರ್ಡಿನಲ್ಲೇ ಆಪರೇಶನ್. ಆದರೂ "ಒಳ್ಳೆ ರಾಡ್ ಬೇಕಾದರೆ" ಅಂತ ಹೇಳಿ ಆಸ್ಪತ್ರೆಯಲ್ಲಿ 14,000 ರೂಪಾಯಿ ಕೈಯಲ್ಲಿ ತೆಗೆದುಕೊಂಡರು. ರಶೀದಿ ಇಲ್ಲ. ಅವರ ಹೆಂಡತಿ ಬಿಡಲಿಲ್ಲ. ಮದ್ದಿನ ಚೀಟಿಯ ಹಿಂದೆ ಮೊತ್ತ ಬರೆಸಿಕೊಂಡರು. ಆ ಚೀಟಿ ಜೋಡಿಸಿಯೇ ನಾನು ದೂರು ಬರೆದುಕೊಟ್ಟದ್ದು. ಕೆಲವು ದಿನದಲ್ಲಿ ಹಣ ವಾಪಸು ಬಂತು, ದೂರು ಹಿಂದೆ ತೆಗೆಯಿರಿ ಅನ್ನುವ ಮಾತೂ ಬಂತು. "ಕೊಟ್ಟದ್ದು ನಮ್ಮ ಹಣ ಅಣ್ಣಾ, ದೂರು ಯಾಕೆ ತೆಗೆಯಬೇಕು?" ಅಂದರು ಆಕೆ. ರೋಗಿಯಿಂದ ಹೀಗೆ ವಸೂಲಿ ಮಾಡಿದರೆ ಪೂರ್ತಿ ವಾಪಸಿನ ಜತೆಗೆ ಮೂರು ಪಟ್ಟು ಪರಿಹಾರ ಅಂತ ಮಾರ್ಗಸೂಚಿಯಲ್ಲಿದೆ. ಉಳಿದ ದಂಡವೆಲ್ಲ ರಾಜ್ಯದ ಸಂಸ್ಥೆಗೆ. ಇದೊಂದು ಮಾತ್ರ ರೋಗಿಗೇ. ಅವರಿಗೆ ಅದಿನ್ನೂ ಸಿಕ್ಕಿಲ್ಲ.

ಆಸ್ಪತ್ರೆಗಳೆಲ್ಲ ಹೀಗೆ ಅಂತಲ್ಲ. ಪ್ಯಾಕೇಜಿನ ದರ ಸಾಲದು, ಹಣ ಬರುವುದು ತಡ ಅನ್ನುವ ಅವರ ದೂರು ಸುಳ್ಳೂ ಅಲ್ಲ. ಅದನ್ನು ಕೂಲಿಯವರ ಕಿಸೆಯಿಂದ ತುಂಬಿಸಿಕೊಳ್ಳಬಾರದಷ್ಟೆ.

2023ರ ಆಗಸ್ಟಿನಲ್ಲಿ ಬಂದ ಸಿಎಜಿ ವರದಿ ನೋಡಿದರೆ ಗಾಬರಿಯಾಗುತ್ತದೆ. ದಾಖಲೆಯಲ್ಲಿ ಮೊದಲೇ ಸತ್ತವರೆಂದಿದ್ದ 3,446 ಮಂದಿಯ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಒಂಬತ್ತನ್ನೇ ಹತ್ತು ಸಲ ಬರೆದ ಒಂದೇ ಮೊಬೈಲ್ ನಂಬರಿಗೆ ಏಳೂವರೆ ಲಕ್ಷದಷ್ಟು ಫಲಾನುಭವಿಗಳು! ಚಿಕಿತ್ಸೆ ನಿಜವಾಗಿ ಆಯಿತಾ ಅಂತ ಇವರನ್ನು ಫೋನಿನಲ್ಲಿ ವಿಚಾರಿಸುವುದು ಹೇಗೆ?

ಹಾಗಾಗಿ ಕಾರ್ಡಿನಲ್ಲಿ ನಿಮ್ಮದೇ ನಂಬರ್ ಉಂಟಾ ನೋಡಿಕೊಳ್ಳಿ. ಖಾಲಿ ಕಾಗದಕ್ಕೆ ಸಹಿ ಬೇಡ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಚಿಕಿತ್ಸೆ, ಎಷ್ಟು ದಿನ ಅಂತ ಅಲ್ಲೇ ಓದಿಸಿಕೊಳ್ಳಿ. ಬಿಡುಗಡೆಯಾದ ಮೇಲೆ 15 ದಿನದ ಮದ್ದೂ ಕೇಂದ್ರದ ಯೋಜನೆಯ ಪ್ಯಾಕೇಜಿನೊಳಗೇ ಬರುತ್ತದೆ. ಹಣ ಕೇಳಿದರೆ ಮೊದಲು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಗೆ ಹೇಳಿ. ಆಗದಿದ್ದರೆ 14555ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.