ಕಂಬ ಕರಗಿತು, ಕುಳಿ ಉಳಿಯಿತು

ಸೋಂದಾದ ಶಾಲ್ಮಲಾ ಹೊಳೆಯ ಬಂಡೆಗಳ ಮೇಲಿನ ಸಹಸ್ರಲಿಂಗಗಳು ಮುನ್ನೂರು ಮಳೆಗಾಲ ಕಂಡಿವೆ. ಪ್ರತಿ ಆಷಾಢದಲ್ಲೂ ಹೊಳೆ ಅವುಗಳ ಮೇಲೆ ಹರಿಯುತ್ತದೆ, ನೀರಿಳಿದ ಮೇಲೆ ಲಿಂಗ, ನಂದಿಗಳೆಲ್ಲ ಮತ್ತೆ ಕಾಣುತ್ತವೆ. ಅವು 1678ರಿಂದ 1718ರವರೆಗೆ ಆಳಿದ ಸದಾಶಿವರಾಯನ ಕಾಲದ್ದೆನ್ನುತ್ತಾರೆ. ಆ ಅರಸನ ಅರಮನೆ ಮಾತ್ರ ಇಂದು ನಿಂತಿಲ್ಲ. ಸಿದ್ದಾಪುರ ತಾಲ್ಲೂಕಿನ ಬಿಳಗಿಯಲ್ಲೂ ಹೀಗೆಯೇ: ರತ್ನತ್ರಯ ಬಸದಿ ಇದೆ, ಅರಸರ ಮನೆ ಇಲ್ಲ. ದೇವರಿಗೆ ಕಲ್ಲು, ಮನುಷ್ಯರಿಗೆ ಮಣ್ಣು ಮತ್ತು ಮರ ಎಂಬುದು ನಮ್ಮ ಹಳೆಯ ಲೆಕ್ಕ. ಕಾಡಿನ ಊರುಗಳಲ್ಲಂತೂ ಮರಕ್ಕೆ ಬರವಿರಲಿಲ್ಲ.

ಅರಮನೆಯದೇ ಈ ಗತಿಯಾದರೆ, ಬೇಟೆಗೆಂದು ವರ್ಷದಲ್ಲಿ ಕೆಲವು ವಾರ ಮಾತ್ರ ತಂಗುವ ಬಿಡಾರದ ಪಾಡೇನು? ನಾಲ್ಕಾರು ಮರದ ಕಂಬ, ಮಣ್ಣಿನ ಗೋಡೆ, ಮೇಲೆ ಸೋಗೆಯೋ ಹುಲ್ಲೋ. ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ಎರಡು ವರ್ಷ ಹೊದಿಕೆ ಹಾಕದೆ ಬಿಟ್ಟ ಕೊಟ್ಟಿಗೆ ಏನಾಗುತ್ತದೆಂದು ಶಿರಸಿ, ಯಲ್ಲಾಪುರದವರಿಗೆ ಹೇಳಬೇಕಾಗಿಲ್ಲ. ಮಳೆ ಬಿಟ್ಟದ್ದನ್ನು ಒರಲೆ ಮುಗಿಸುತ್ತದೆ. ಹೀಗಿದ್ದೂ ಅಂಥ ಬಿಡಾರವೊಂದು ಯಾವುದೋ ಬೆಟ್ಟದ ತಪ್ಪಲಲ್ಲಿ ಹೂತುಹೋಗಿದ್ದರೆ ಅದನ್ನು ಗುರುತಿಸಬಹುದು. ನೆಲಕ್ಕೆ ನೆನಪಿನ ಶಕ್ತಿ ಇದೆ, ನಾವು ಅದನ್ನು ಓದುವ ಬಗೆ ಕಲಿಯಬೇಕು ಅಷ್ಟೆ.

ಬೇಟೆ ಅರಸರಿಗೆ ಬರೀ ಮೋಜಾಗಿರಲಿಲ್ಲ ಎನ್ನುವುದಕ್ಕೆ ಕನ್ನಡ ನಾಡಿನಲ್ಲಿ ಗಟ್ಟಿ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872ರದು, ಎಂದರೆ ಕ್ರಿ.ಶ. 949-50. ಅದರಲ್ಲಿ ಒಂದು ನಾಯಿಯೂ ಒಂದು ಹಂದಿಯೂ ಮೈಮೇಲೆ ಬಿದ್ದು ಕಾದಾಡುತ್ತಿವೆ, ಸುತ್ತ ಹಳಗನ್ನಡದ ಅಕ್ಷರಗಳು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ ವೀರ ಮಣಲೇರನಿಗೆ ಒಡೆಯ ಏನು ಬೇಕೋ ಕೇಳು ಎಂದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಕಾಳಿ ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಆ ನಾಯಿ ಮಾಡಿದ ಪಾಪ ಎಂದೂ ಬರೆಸಿದ. ಒಂದು ನಾಯಿಗೆ ಇಷ್ಟು ಗೌರವ ಕೊಟ್ಟ ಶಾಸನ ಓದುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಬನವಾಸಿ ಪನ್ನಿರ್ಚ್ಛಾಸಿರ ಪ್ರಾಂತ್ಯವನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆಯುವಾಗ ಅರಸನ 20 ವಿನೋದಗಳಲ್ಲಿ ಬೇಟೆಗೆ, ನಾಯಿಗಳಿಗೆ, ಗಿಡುಗಗಳಿಗೆ ಬೇರೆಬೇರೆಯಾಗಿಯೇ ಜಾಗ ಕೊಟ್ಟ. ನೀರಿಗೆ ಬರುವ ಪ್ರಾಣಿಗಾಗಿ ಕಾದು ಕೂರುವುದು, ಪಳಗಿಸಿದ ಜಿಂಕೆಯನ್ನು ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು ಎಲ್ಲವೂ ಅಲ್ಲಿವೆ. ಬಯಲುನಾಡಿನಲ್ಲಿ ಶಿವಂಗಿಯನ್ನು ಓಡಿಸಿ ಬೇಟೆಯಾಡಬಹುದಿತ್ತು. ಮಲೆನಾಡಿನ ಹಳುವಿನಲ್ಲಿ ಅದು ನಡೆಯುತ್ತಿರಲಿಲ್ಲ, ಇಲ್ಲಿ ನಾಯಿ ಬೇಕಿತ್ತು, ಸೋವುವ ಜನ ಬೇಕಿತ್ತು, ಕಾದು ಕೂರುವ ತಾಳ್ಮೆ ಬೇಕಿತ್ತು. ಇಷ್ಟು ಮಂದಿ ಕಾಡಿಗೆ ಬಂದರೆಂದರೆ ಉಣ್ಣಲು, ಮಲಗಲು, ಕಡಿದ ಮಾಂಸ ಹಂಚಲು ಒಂದು ನೆಲೆ ಬೇಕೇ ಬೇಕು.

ಆ ನೆಲೆಯ ಮೊದಲ ಗುರುತು ಕಂಬದ ಕುಳಿ. ಹಂಪಿಯ ಮಹಾನವಮಿ ದಿಬ್ಬ ಇದನ್ನು ಕಲ್ಲಿನಲ್ಲೇ ತೋರಿಸುತ್ತದೆ. ದಿಬ್ಬದ ಗೋಡೆಯ ಮೇಲೆ ಬೇಟೆಯ ಸಾಲುಸಾಲು ಕೆತ್ತನೆ ಇದೆ. ಮೇಲೇರಿದರೆ ಮರದ ಮಂಟಪ ಇಲ್ಲ, ಅದರ ಕಂಬಗಳು ಕೂತಿದ್ದ ಗುಣಿಗಳು ಮಾತ್ರ ಇವೆ. ಬನವಾಸಿ ಸಮೀಪದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಸ್ತಂಭಶಾಸನ ಅರಮನೆ, ಅಂತಃಪುರ, ನೃತ್ಯಶಾಲೆಗಳ ಮಾತಾಡುತ್ತದೆ. ಅಗೆದಾಗ ಸಿಕ್ಕದ್ದು ಇಟ್ಟಿಗೆಯ ತಳಪಾಯ. ಕಲ್ಲೂ ಇಟ್ಟಿಗೆಯೂ ಇಲ್ಲದ ಕಡೆ ಕುಳಿ ಮಣ್ಣಿನಲ್ಲೇ ಇರುತ್ತದೆ. ಗುಂಡಿ ತೋಡಿ ಕಂಬ ನೆಟ್ಟು, ಸುತ್ತ ಚಿರೆಕಲ್ಲಿನ ಚೂರು ಜಡಿದಿರುತ್ತಾರೆ. ಮರ ಕೊಳೆತ ಮೇಲೆ ಆ ಜಾಗಕ್ಕೆ ಮೇಲಿನ ಕಪ್ಪು ಗೊಡ್ಡುಮಣ್ಣು ಇಳಿದು ತುಂಬುತ್ತದೆ. ಕೆಮ್ಮಣ್ಣಿನ ನಡುವೆ ಒಂದು ಕಪ್ಪು ವೃತ್ತ.

ಬೇರು ಕೊಳೆತರೂ, ಹೆಗ್ಗಣ ಬಿಲ ತೋಡಿದರೂ ಕಪ್ಪು ವೃತ್ತ ಮೂಡುತ್ತದಲ್ಲ? ಅದಕ್ಕೇ ವೃತ್ತವನ್ನು ಅರ್ಧಕ್ಕೆ ಸೀಳಿ ಪಕ್ಕದಿಂದ ನೋಡುತ್ತಾರೆ. ಬೇರು ಕೆಳಗಿಳಿದಂತೆ ಸಪೂರಾಗಿ ಕವಲೊಡೆಯುತ್ತದೆ, ಬಿಲ ಸೊಟ್ಟಗೆ ತಿರುಗುತ್ತದೆ. ಕಂಬದ ಕುಳಿ ನೆಟ್ಟಗಿಳಿದು ತಳದಲ್ಲಿ ಸಮನಾಗಿ ನಿಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ಸಮ ಅಂತರವಿದ್ದರೆ ಅನುಮಾನವೇ ಉಳಿಯದು.

ಕುಳಿಗಳು ಮನೆ ಇತ್ತೆಂದು ಹೇಳುತ್ತವೆ, ಅದು ಬೇಟೆಯವರ ಮನೆಯೆಂದು ಹೇಳಲಾರವು. ಅದಕ್ಕೆ ಮೂಳೆ ಬೇಕು. ದನ, ಕುರಿಯ ಮೂಳೆ ಹೆಚ್ಚಿದ್ದರೆ ಹಳ್ಳಿ; ಕಡವೆ, ಕಾಡುಹಂದಿಯದೇ ಮೇಲುಗೈ ಆದರೆ ಬೇಟೆಯ ನೆಲೆ. ಯಾವ ಅಂಗದ ಮೂಳೆ ಎನ್ನುವುದೂ ಮುಖ್ಯ. ಇಂಗ್ಲೆಂಡಿನ ಮಧ್ಯಯುಗದ ನೆಲೆಗಳಲ್ಲಿ ಜಿಂಕೆಯ ಹಿಂದೊಡೆ ಒಡೆಯನ ಮನೆಗೆ, ಮುಂಗಾಲಿನ ಪಾಲು ಕಾಡು ಕಾಯುವವನಿಗೆ ಹೋದದ್ದನ್ನು ಮೂಳೆಗಳ ಎಣಿಕೆಯಿಂದಲೇ ಪತ್ತೆಹಚ್ಚಿದ್ದಾರೆ. ಪಾಲಿನ ಕಟ್ಟುಪಾಡು ನಮ್ಮ ಕಡೆಗೂ ಹೊಸದಲ್ಲ.

ನಮ್ಮ ತೊಡಕು ಮಣ್ಣಿನದು. 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಂಥ ಜಂಬಿಟ್ಟಿಗೆಗೆ ಮುಂದೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟ. ಮಳೆ ಸುಣ್ಣದಂಶವನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಸಿದ ಹುಳಿಮಣ್ಣು ಅದು. ಮೂಳೆಯ ಖನಿಜ ಭಾಗ ಕ್ಯಾಲ್ಸಿಯಂ ಫಾಸ್ಫೇಟು, ಹುಳಿಯಲ್ಲಿ ಕರಗುತ್ತದೆ. ಆದರೆ ನಷ್ಟದಲ್ಲೇ ಒಂದು ಲಾಭವೂ ಅಡಗಿದೆ. ಕರಗಿ ಬಂದ ಫಾಸ್ಫೇಟನ್ನು ಅದೇ ಕಬ್ಬಿಣ, ಅಲ್ಯುಮಿನಿಯಂ ಹಿಡಿದುಕೊಂಡು ಸುಲಭಕ್ಕೆ ಬಿಡುವುದಿಲ್ಲ. ಮೂಳೆ ಹೋದ ಮೇಲೂ ಮೂಳೆಯ ರಂಜಕ ಅಲ್ಲೇ ಇರುತ್ತದೆ. ಸ್ವೀಡನ್ನಿನ ಒಲೋಫ್ ಅರ್ಹೇನಿಯಸ್ 1920ರ ದಶಕದ ಕೊನೆಯಲ್ಲಿ ಬೀಟ್ ಬೆಳೆಯುವ ಹೊಲಗಳ ಮಣ್ಣು ಪರೀಕ್ಷಿಸುವಾಗ, ಹಿಂದೆ ಜನ ಬಾಳಿದ ಕಡೆಯೆಲ್ಲ ಫಾಸ್ಫೇಟು ಏರಿರುವುದನ್ನು ಕಂಡ. ಇಂದು ಚಿಟಿಕೆ ಮಣ್ಣಿಗೆ ಹುಳಿ ಮತ್ತು ಮೊಲಿಬ್ಡೇಟ್ ದ್ರಾವಣ ಬೆರೆಸಿ, ನೀಲಿ ಬಣ್ಣ ಎಷ್ಟು ಗಾಢವಾಗಿದೆ ಎಂದು ಬಯಲಲ್ಲೇ ನೋಡಬಹುದು.

ಇಲ್ಲಿ ಅವಸರ ಸಲ್ಲದು. ತಲೆಮಾರುಗಟ್ಟಲೆ ಸೊಪ್ಪು, ಸಗಣಿ ಹಾಕಿದ ನಮ್ಮ ಗೊಬ್ಬರಗುಂಡಿಯ ಮಣ್ಣೂ ಕಡುನೀಲಿಯೇ ತೋರಿಸುತ್ತದೆ. ಕೊಟ್ಟಿಗೆಗೂ ಬೇಟೆಬಿಡಾರಕ್ಕೂ ವ್ಯತ್ಯಾಸ ಹೇಳುವುದು ಒಲೆ. ಬೆಂಕಿಯಲ್ಲಿ ಸುಟ್ಟು ಬೆಳ್ಳಗಾದ ಮೂಳೆಯ ಹರಳುಗಳು ದೊಡ್ಡದಾಗಿ ಬಿಗಿದುಕೊಳ್ಳುವುದರಿಂದ ಹುಳಿಮಣ್ಣಿನಲ್ಲೂ ಬಾಳುತ್ತವೆ. ಹಲ್ಲಿನ ಎನಾಮಲ್ಲಿನ ಶೇಕಡ 96ರಷ್ಟು ಖನಿಜವೇ, ಅದೂ ತಡೆಯುತ್ತದೆ. ಉಗುರಿನಷ್ಟು ಬಿಳಿ ಚೂರುಗಳು, ಒಂದೆರಡು ಹಲ್ಲು, ಇದ್ದಿಲು. ಮರಿಯ ಹಲ್ಲು ಎಷ್ಟು ಮೂಡಿದೆ ಎಂಬುದರಿಂದ ಸುಮಾರು ಯಾವ ಋತುವಿನಲ್ಲಿ ಬೇಟೆಯಾಯಿತೆಂದೂ, ಇದ್ದಿಲಿನ ಕಾರ್ಬನ್ನಿನಿಂದ ಎಷ್ಟು ಶತಮಾನ ಹಿಂದೆಂದೂ ತಿಳಿಯುತ್ತದೆ.

ಅಗೆತದ ದಿನ ಕೆಲಸ ನಸುಕಿನಲ್ಲೇ ಶುರುವಾಗುತ್ತದೆ. ಕರಣೆಯಿಂದ ನೆಲವನ್ನು ತೆಳ್ಳಗೆ ಹೆರೆದು, ಮೇಲೆ ನೀರು ಚಿಮುಕಿಸುತ್ತಾರೆ. ಒದ್ದೆಯಾದೊಡನೆ ಕೆಂಪು ಕೆಂಪಾಗಿ, ಕಪ್ಪು ಕಪ್ಪಾಗಿ ಬೇರ್ಪಟ್ಟು ವೃತ್ತಗಳ ಸಾಲು ಎದ್ದು ಕಾಣುತ್ತದೆ. ಫೋಟೋ ತೆಗೆಯಬೇಕು, ಅಳೆಯಬೇಕು, ಪ್ರತಿ ವೃತ್ತದ ಸುತ್ತ ಮೊಳೆಯ ಮೊನೆಯಿಂದ ಗೀರು ಹಾಕಬೇಕು. ಬಿಸಿಲೇರಿ ನೆಲ ಒಣಗಿತೆಂದರೆ ಎಲ್ಲ ಒಂದೇ ಬಣ್ಣವಾಗಿ ಕಂಬಗಳ ಸಾಲು ಕಣ್ಣೆದುರೇ ಮಾಯವಾಗುತ್ತದೆ.