ಕಾಲ್ನಡಿಗೆಯ ಬಳಗವೂ ಬೇಗೂರಿನ ಕಲ್ಲೂ

ನಮ್ಮ ಹಳ್ಳಿಯ ಕೆರೆಯ ಏರಿಯ ಮೇಲೆ ಆಳೆತ್ತರದ ಒಂದು ಕಲ್ಲು ಅರ್ಧ ಹೂತು ನಿಂತಿತ್ತು. ಈಜಿ ದಣಿದು ಬಂದ ಹುಡುಗರು ತಮ್ಮ ಅಂಗಿಗಳನ್ನು ಅದರ ಮೇಲೆ ಒಣಹಾಕುತ್ತಿದ್ದರು. ನಾನೂ ಆ ಹುಡುಗರಲ್ಲೊಬ್ಬ. ಕಲ್ಲಿನ ಮೇಲೆ ಕೈಯಾಡಿಸಿದರೆ ಬೆರಳಿಗೆ ಗೀರುಗಳು ತಗಲುತ್ತಿದ್ದುವು. ಅವು ಅಕ್ಷರಗಳಾಗಿರಬಹುದೆಂಬ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಓದು ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ, ವೀರಗಲ್ಲೆಂದರೇನೆಂಬುದನ್ನು ತಿಳಿದುಕೊಂಡು, ಆ ಕಲ್ಲನ್ನು ಮತ್ತೆ ನೋಡಬೇಕೆಂಬ ಆತುರದಿಂದ ಊರಿಗೆ ಹೋದೆ. ಏರಿಯ ಮೇಲಣ ರಸ್ತೆ ಅಗಲವಾಗಿತ್ತು, ಕಲ್ಲು ಇರಲಿಲ್ಲ. ಅದು ರಸ್ತೆಯ ತಳಪಾಯಕ್ಕೆ ಸೇರಿತೋ, ಯಾವ ಮನೆಯ ಮೆಟ್ಟಿಲಾಯಿತೋ, ಹೇಳಬಲ್ಲವರು ಯಾರೂ ಸಿಕ್ಕಲಿಲ್ಲ.

ಆ ಕಲ್ಲಿನ ಪಕ್ಕದಲ್ಲಿ ಪ್ರತಿದಿನವೂ ನೂರಾರು ಜನ ನಡೆದುಹೋಗುತ್ತಿದ್ದರು. ನೋಡುವ ಸಲುವಾಗಿ ನಡೆದವರು ಮಾತ್ರ ಒಬ್ಬರೂ ಇರಲಿಲ್ಲ. ಈ ಎರಡು ಬಗೆಯ ನಡಿಗೆಗಳಿಗಿರುವ ಅಂತರವೇನೆಂಬುದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ, ಒಂದು ಕಾಲ್ನಡಿಗೆಯ ಬಳಗವನ್ನು ಸೇರಿದ ಮೇಲೆ.

ಕಾಲ್ನಡಿಗೆಯ ಬಳಗವೆಂದರೆ ದೊಡ್ಡ ಸಂಸ್ಥೆಯೇ ಆಗಬೇಕಾಗಿಲ್ಲ. ತಿಂಗಳಿಗೊಮ್ಮೆ, ಗೊತ್ತಾದ ಒಂದು ಭಾನುವಾರ ಬೆಳಿಗ್ಗೆ, ಗೊತ್ತಾದ ಒಂದು ಸ್ಥಳದಲ್ಲಿ ಇಪ್ಪತ್ತು ಮಂದಿ ಕೂಡುತ್ತಾರೆ. ಹಾದಿಯನ್ನು ಮೊದಲೇ ನಡೆದು ನೋಡಿಬಂದ ಒಬ್ಬರು ಮುಂದಾಳಾಗುತ್ತಾರೆ. ಊರಿನ ಸುತ್ತಣ ಕೆರೆ, ಗುಡ್ಡ, ಗುಡಿ, ಕೋಟೆಗಳನ್ನು ಮೂರು ನಾಲ್ಕು ಗಂಟೆಗಳ ಕಾಲ ನಡೆದು ನೋಡಿ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ. 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯಂತಹ ಕೆಲವು ಸಂಸ್ಥೆಗಳು ಇಂತಹ ಪರಂಪರೆಯ ನಡಿಗೆಗಳನ್ನು ನಡೆಸುವುದುಂಟು. ಆದರೆ ಉತ್ಸಾಹಿಗಳಾದ ನಾಲ್ವರು ಗೆಳೆಯರು, ಹಾದಿ ಬಲ್ಲ ಒಬ್ಬ ಹಿರಿಯರು ಇದ್ದರೆ ಯಾವ ಊರಿನಲ್ಲಿಯಾದರೂ ಬಳಗ ಕಟ್ಟಬಹುದು.

ನಡಿಗೆಯ ಗಣಿತ

ನಾನು ಮೊದಲು ಹೋದದ್ದು ಬೇಗೂರಿಗೆ. ಒಂದು ಕಾಲದಲ್ಲಿ ಬೆಂಗಳೂರಿನ ದಕ್ಷಿಣಕ್ಕಿದ್ದ ಪ್ರತ್ಯೇಕ ಗ್ರಾಮ ಅದು. ಇಂದು ಬೆಳೆದ ನಗರದ ಒಳಗೇ ಸೇರಿಹೋಗಿದೆ. ಅಂದಿನ ಗುಂಪಿನಲ್ಲಿ ಭೂವಿಜ್ಞಾನದ ನಿವೃತ್ತ ಅಧ್ಯಾಪಕರೊಬ್ಬರು, ಹಳೆಯ ಲಿಪಿಯನ್ನು ಕಲಿತಿದ್ದ ಗೃಹಿಣಿಯೊಬ್ಬರು, ಐದಾರು ಮಂದಿ ಕಾಲೇಜು ವಿದ್ಯಾರ್ಥಿಗಳು, ಹಿಂದೆ ಕೆರೆಯ ಕೆಳಗೆ ಗದ್ದೆ ಮಾಡುತ್ತಿದ್ದ ವೃದ್ಧರೊಬ್ಬರು ಇದ್ದರು. ಈ ವೃದ್ಧರನ್ನು ಎಲ್ಲರೂ ತಾತ ಎಂದೇ ಕರೆಯುತ್ತಿದ್ದರು.

ನಾಲ್ಕೇ ಕಿಲೋಮೀಟರು ನಡೆಯಬೇಕೆಂದು ತಿಳಿದು ನಾನು ಸಸಾರವಾಗಿ ಹೊರಟಿದ್ದೆ. ಎರಡು ಗಂಟೆಗಳೊಳಗೆ ಕಾಲು ನೋಯತೊಡಗಿದಾಗ ಆಶ್ಚರ್ಯವಾಯಿತು. ಅಧ್ಯಾಪಕರು ನಕ್ಕು ಕಾರಣ ಹೇಳಿದರು. ನಡೆಯುವಾಗ ನಮ್ಮ ದೇಹ ತಲೆಕೆಳಗಾದ ಲೋಲಕದಂತೆ ವರ್ತಿಸುತ್ತದೆ. ನೆಲಕ್ಕೆ ಊರಿದ ಪಾದವೇ ಅದರ ತಿರುಗಣಿ; ನೀಳವಾಗಿ ನಿಂತ ಕಾಲಿನ ಮೇಲೆ ಒಡಲು ಮೊದಲು ಮೇಲೇರಿ ಆಮೇಲೆ ಮುಂದಕ್ಕೆ ಇಳಿಯುತ್ತದೆ. ಏರುವಾಗ ವೇಗದ ಶಕ್ತಿ ಎತ್ತರದ ಶಕ್ತಿಯಾಗುತ್ತದೆ. ಇಳಿಯುವಾಗ ಎತ್ತರದ ಶಕ್ತಿ ಮರಳಿ ವೇಗದ ಶಕ್ತಿಯಾಗುತ್ತದೆ. ಗಂಟೆಗೆ ನಾಲ್ಕೈದು ಕಿಲೋಮೀಟರುಗಳ ಸಹಜ ನಡಿಗೆಯಲ್ಲಿ ಈ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಹಿಂದಿರುಗುತ್ತದೆ. ಉಳಿದುದನ್ನು ಮಾತ್ರ ಸ್ನಾಯುಗಳು ಒದಗಿಸಿದರೆ ಸಾಕು. ತೀರ ನಿಧಾನವಾಗಿ, ನಿಂತು ನಿಂತು ನಡೆದಾಗ ಈ ಕೊಡುಕೊಳೆ ಸರಿಯಾಗಿ ನಡೆಯುವುದಿಲ್ಲ. ಆದುದರಿಂದಲೇ ಜಾತ್ರೆಯ ಗುಂಪಿನಲ್ಲಿ ಸುತ್ತಿ ಬಂದವನು ದೂರದ ಹಾದಿ ನಡೆದವನಂತೆ ದಣಿಯುತ್ತಾನೆ.

ಗುಡ್ಡಗಾಡಿನ ನಡಿಗೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸುಲಭ ಸೂತ್ರವನ್ನು ಕೊಟ್ಟನು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಏರಬೇಕಾದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹತ್ತು ಕಿಲೋಮೀಟರು ನಡೆದು 300 ಮೀಟರು ಏರುವುದಾದರೆ ಎರಡೂವರೆ ಗಂಟೆಯಾಯಿತು. ನಿಂತು ನೋಡುವ ಹೊತ್ತು ಇದರಲ್ಲಿ ಸೇರಿಲ್ಲ. ಅದನ್ನು ಮುಂದಾಳು ಬೇರೆಯಾಗಿ ಸೇರಿಸಿಕೊಳ್ಳಬೇಕು.

ಕೆರೆಯೂ ಕಲ್ಲೂ

ನಾವು ಮೊದಲು ನಿಂತದ್ದು ಬೇಗೂರಿನ ಕೆರೆಯ ದಡದಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಿದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೂ ಹರಿಯುತ್ತದೆ. ದೊಡ್ಡ ಹೊಳೆಯಿಲ್ಲದ ಈ ಊರಿನವರು ಕಣಿವೆಗಳಿಗೆ ಅಡ್ಡಲಾಗಿ ಏರಿ ಕಟ್ಟಿ ನೀರನ್ನು ಹಿಡಿದರು. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಇನ್ನೊಂದು ಕೆರೆಗೆ ನೀರಾಗುವಂತೆ ಮಾಲೆಯಾಗಿ ಕಟ್ಟಿದರು.

ಪುಸ್ತಕದಲ್ಲಿ ಇದನ್ನು ಓದಿದವರು ನಮ್ಮಲ್ಲಿ ಹಲವರಿದ್ದರು. ಆದರೆ ತಾತನ ಕಣ್ಣು ಬೇರೆ. “ತೂಬು ಎತ್ತಿದರೆ ನೀರು ಯಾವ ಕಡೆ ಓಡುತ್ತೆ, ನೋಡಿ ಹೇಳು ಮಗು” ಎಂದು ಅವರು ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದರು. ಅವಳು ತಬ್ಬಿಬ್ಬಾಗಿ ಸುತ್ತ ನೋಡಿದಳು. ಕೆಳಗೆ ಗದ್ದೆಗಳಿರಲಿಲ್ಲ, ಮನೆಗಳಿದ್ದುವು. “ಮನೆ ನೋಡಬೇಡಮ್ಮ, ನೆಲ ನೋಡು” ಎಂದರು ತಾತ. ಬೀದಿ ಎಲ್ಲಿ ತಗ್ಗಾಗುತ್ತದೆಂಬುದನ್ನು ಗುರುತಿಸುತ್ತ ಅವಳು ಹಳೆಯ ಕಾಲುವೆಯ ಜಾಡನ್ನು ತೋರಿಸಿಯೇ ಬಿಟ್ಟಳು. ಜೋರು ಮಳೆ ಬಂದಾಗ ಕೆಲವು ಬೀದಿಗಳು ಏಕೆ ಹೊಳೆಗಳಾಗುತ್ತವೆಂಬುದು ಆ ಕ್ಷಣದಲ್ಲಿ ನಮಗೆಲ್ಲರಿಗೂ ಅರ್ಥವಾಯಿತು. ನೀರು ತನ್ನ ಹಾದಿಯನ್ನು ಮರೆತಿರಲಿಲ್ಲ.

ಅಲ್ಲಿಂದ ಮುಂದೆ ಅಧ್ಯಾಪಕರ ಸರದಿ. ಬೆಂಗಳೂರಿನ ಸುತ್ತಣ ನೆಲದ ತಳದಲ್ಲಿರುವುದು ನೈಸ್ ಎಂಬ ರೂಪಾಂತರ ಶಿಲೆ. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬಿಳಿಯ ಪಟ್ಟೆಗಳಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕರಿಯ ಪಟ್ಟೆಗಳಲ್ಲಿ ಹೆಚ್ಚಾಗಿ ಕರಿ ಅಭ್ರಕ. ಇಷ್ಟು ಗಟ್ಟಿಯಾದ ಬಂಡೆಯಿಂದ ಹಿಂದಿನವರು ಚಪ್ಪಡಿಗಳನ್ನು ಹೇಗೆ ಎಬ್ಬಿಸಿದರು? ಬಂಡೆಯ ಮೇಲೆ ಬೆಂಕಿ ಹಚ್ಚಿ ನಿಧಾನವಾಗಿ ಸರಿಸುತ್ತಿದ್ದರು. ಕಾದ ಮೇಲ್ಪದರ ಹಿಗ್ಗುತ್ತದೆ, ತಣ್ಣಗಿರುವ ಕೆಳಪದರ ಹಿಗ್ಗುವುದಿಲ್ಲ. ಎರಡೂ ಬೇರ್ಪಟ್ಟು ಚಪ್ಪಡಿ ಬಿಟ್ಟುಕೊಳ್ಳುತ್ತದೆ. ಅನಂತರ ಸಾಲಾಗಿ ಕುಳಿ ತೋಡಿ ಬೆಣೆ ಬಡಿದು ಬೇಕಾದ ಅಳತೆಗೆ ಸೀಳುತ್ತಿದ್ದರು. ಹಳೆಯ ಬಂಡೆಗಳ ಅಂಚಿನಲ್ಲಿ ಆ ಕುಳಿಗಳ ಸಾಲನ್ನು ಇಂದಿಗೂ ಕಾಣಬಹುದು.

ಓರೆ ಬೆಳಕಿನ ಪಾಠ

ಕೊನೆಗೆ ನಾವು ನಾಗೇಶ್ವರ ದೇವಾಲಯವನ್ನು ತಲಪಿದೆವು. ಗಂಗರ ಕಾಲದ ಈ ದೇವಾಲಯದ ಆವರಣದಲ್ಲಿಯೇ ಬೆಂಗಳೂರಿನ ಹೆಸರುಳ್ಳ ಪ್ರಸಿದ್ಧ ಶಾಸನವಿರುವುದು. ಇದು ಸುಮಾರು ಕ್ರಿ.ಶ. 900ರದು. ನಾಗತ್ತರನೆಂಬ ಗಂಗರ ಅಧಿಕಾರಿಯ ಮನೆಯವನೊಬ್ಬನು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ಅದು ಹೇಳುತ್ತದೆ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು, ಯುದ್ಧದ ಚಿತ್ರವನ್ನು ಸೊಗಸಾಗಿ ಕಡೆದದ್ದು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಲ್ಲನ್ನು ನೇರವಾಗಿ ನೋಡಿದಾಗ ನನಗೆ ಒಂದಕ್ಷರವೂ ಕಾಣಿಸಲಿಲ್ಲ. ಲಿಪಿ ಬಲ್ಲ ಆ ತಾಯಿ ಚೀಲದಿಂದ ಅಂಗೈಯಗಲದ ಕನ್ನಡಿಯೊಂದನ್ನು ತೆಗೆದು, ಬಿಸಿಲನ್ನು ಹಿಡಿದು, ಕಲ್ಲಿನ ಮೈಯನ್ನು ಸವರುವಂತೆ ಪಕ್ಕದಿಂದ ಹಾಯಿಸಿದರು. ಪರದೆ ಸರಿದಂತೆ ಸಾಲು ಸಾಲಾಗಿ ಅಕ್ಷರಗಳು ಎದ್ದು ನಿಂತುವು!

ಇದರಲ್ಲಿ ಮಾಯೆಯೇನೂ ಇಲ್ಲ. ತ್ರಿಕೋಣಮಿತಿ ಕಲಿತ ವಿದ್ಯಾರ್ಥಿ ಲೆಕ್ಕ ಹಾಕಿಕೊಳ್ಳಬಹುದು. ಅಕ್ಷರದ ಗೀರು 2 ಮಿಲಿಮೀಟರು ಆಳವಿದೆಯೆನ್ನೋಣ. ಬೆಳಕು ಕಲ್ಲಿನ ಮೈಗೆ 45 ಡಿಗ್ರಿ ಕೋನದಲ್ಲಿ ಬಿದ್ದರೆ ಗೀರಿನ ಅಂಚಿನ ನೆರಳು 2 ಮಿಲಿಮೀಟರಿನಷ್ಟೇ ಉದ್ದ. ಅದೇ ಬೆಳಕು 10 ಡಿಗ್ರಿ ಕೋನದಲ್ಲಿ ಬಿದ್ದರೆ ನೆರಳು ಸುಮಾರು 11 ಮಿಲಿಮೀಟರು ಚಾಚಬಲ್ಲದು. ಗೀರಿನ ತಳವೆಲ್ಲ ಕತ್ತಲಾಗುತ್ತದೆ. ಬೆಳಕನ್ನು ನೇರವಾಗಿ ಎದುರಿನಿಂದ ಬಿಟ್ಟರೆ ನೆರಳೇ ಇಲ್ಲ, ಅಕ್ಷರವೂ ಇಲ್ಲ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣವನ್ನೋ ಎಣ್ಣೆಯನ್ನೋ ಬಳಿಯುವವರುಂಟು. ಅದರಿಂದ ಕಲ್ಲು ಕೆಡುತ್ತದೆ. ಕನ್ನಡಿಯಿಂದ ಯಾವ ಹಾನಿಯೂ ಇಲ್ಲ.

ಆ ಒಂದು ಕಲ್ಲು ಹೇಳುವ ಮಾತು ಸಾಮಾನ್ಯವಾದುದಲ್ಲ. ಹೊಯ್ಸಳ ವೀರಬಲ್ಲಾಳನು ಬೇಟೆಗೆ ಬಂದು ಹಸಿದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಅದರಿಂದ ಬೆಂದಕಾಳೂರೆಂಬ ಹೆಸರಾಯಿತು ಎಂಬ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದುದು 1173ರಲ್ಲಿ. ಬೇಗೂರಿನ ಕಲ್ಲು ಅದಕ್ಕಿಂತ ಮುನ್ನೂರು ವರ್ಷಗಳಷ್ಟು ಹಿಂದಿನದು. ಕಥೆ ಸುಂದರವಾಗಿದ್ದರೂ ಹೆಸರು ಅದಕ್ಕಿಂತ ಹಳೆಯದು. ಸಾಕ್ಷ್ಯವೆಂದರೆ ಇದು. ಈ ಕಲ್ಲೂ ನಮ್ಮೂರಿನ ಕಲ್ಲಿನಂತೆ ರಸ್ತೆಯ ತಳಕ್ಕೆ ಸೇರಿದ್ದರೆ ಇಂತಹ ಸಾಕ್ಷ್ಯ ನಮಗೆಲ್ಲಿ ದೊರೆಯುತ್ತಿತ್ತು?

ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳನ್ನು ಹೊರತಂದರು, ಅವುಗಳಲ್ಲಿ ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು. ಅಂದು ಪುಸ್ತಕಕ್ಕೆ ಸೇರಿದ ಕಲ್ಲುಗಳಲ್ಲಿ ಎಷ್ಟೋ ಇಂದು ಇದ್ದ ಜಾಗದಲ್ಲಿಲ್ಲ. ಪುಸ್ತಕಕ್ಕೆ ಸೇರದ ಕಲ್ಲುಗಳು ಇನ್ನೂ ಸಿಕ್ಕುತ್ತಿರುವುದೂ ನಿಜ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಹೊರಬಂದಿತು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಾಸನ ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಗುರುತಿಸಲ್ಪಟ್ಟಿದೆ. ಅದನ್ನು ಕಂಡು, ಬೆಲೆಯರಿತು, ಉಳಿಸಲು ಓಡಾಡಿದವರಲ್ಲಿ ಸಾಮಾನ್ಯ ನಾಗರಿಕರೇ ಮುಂದಿದ್ದರು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಪಡಿಯಚ್ಚುಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿತು. ಯಂತ್ರವು ಕಲ್ಲಿನ ರೂಪವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಹಿಡಿಯಬಲ್ಲದು. ಆದರೆ ಕಲ್ಲು ಎಲ್ಲಿದೆಯೆಂದು ಅದಕ್ಕೆ ಯಾರಾದರೂ ಹೇಳಬೇಕಲ್ಲ!

ಸೇರುವವರಿಗೆ ಕೆಲವು ಮಾತು

ಬಳಗವನ್ನು ಸೇರಲು ಮೊದಲೇ ಏನೂ ತಿಳಿದಿರಬೇಕಾಗಿಲ್ಲ. ಸವೆದು ಪಳಗಿದ ಪಾದರಕ್ಷೆ, ತಲೆಗೆ ಟೋಪಿ, ಒಂದು ಲೀಟರು ನೀರು, ಒಂದು ನೋಟುಪುಸ್ತಕ ಮತ್ತು ಪೆನ್ಸಿಲು, ಅಳತೆಯ ಪಟ್ಟಿ, ಚಿಕ್ಕ ಕನ್ನಡಿ ಇಷ್ಟಿದ್ದರೆ ಸಾಕು. ಹೊತ್ತಿಗೆ ಸರಿಯಾಗಿ ಬರಬೇಕು. ಗುಂಪಿನ ವೇಗವೆಂದರೆ ಎಲ್ಲರಿಗಿಂತ ಹಿಂದೆ ಬರುವವರ ವೇಗವೆಂಬುದನ್ನು ನೆನಪಿಡಬೇಕು. ತೋಟ, ಹೊಲ, ಅಂಗಳಗಳನ್ನು ಒಡೆಯರ ಅನುಮತಿಯಿಲ್ಲದೆ ಹೊಗಬಾರದು. ಕೇಳಿದರೆ ಬೇಡವೆನ್ನುವವರು ಕಡಮೆ, ಮಜ್ಜಿಗೆ ಕೊಡುವವರೇ ಹೆಚ್ಚು.

ಹೊಸದಾಗಿ ಒಂದು ಕಲ್ಲು ಕಂಡರೆ ಅದನ್ನು ಕದಲಿಸಬಾರದು. ದಿನಾಂಕ, ಸ್ಥಳ, ಮುಖ ಯಾವ ದಿಕ್ಕಿಗಿದೆ, ಎತ್ತರ ಮತ್ತು ಅಗಲ, ಮೇಲೆ ಕಾಣುವುದೇನು, ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂಬ ಆರು ಸಂಗತಿಗಳನ್ನು ಬರೆದುಕೊಳ್ಳಬೇಕು. ಕೈಯಲ್ಲಿರುವ ದೂರವಾಣಿಯಿಂದಲೇ ಅಕ್ಷಾಂಶ ರೇಖಾಂಶಗಳನ್ನು ತಿಳಿಯಬಹುದು, ಓರೆ ಬೆಳಕಿನಲ್ಲಿ ಚಿತ್ರವನ್ನೂ ತೆಗೆಯಬಹುದು. ಬಳಿಕ ರಾಜ್ಯದ ಪುರಾತತ್ತ್ವ ಇಲಾಖೆಗೂ ಬಲ್ಲ ವಿದ್ವಾಂಸರಿಗೂ ತಿಳಿಸಬೇಕು. ಊರಿನವರಿಗೆ ಅದರ ಅರ್ಥವನ್ನು ಹೇಳಬೇಕಾದುದು ಇವೆಲ್ಲಕ್ಕಿಂತ ಮುಖ್ಯ. ತಮ್ಮ ಊರಿಗಾಗಿ ಒಬ್ಬನು ಮಡಿದನೆಂದು ತಿಳಿದ ಜನ ಆ ಕಲ್ಲನ್ನು ಮೆಟ್ಟಿಲು ಮಾಡುವುದಿಲ್ಲ.

ಬೇಗೂರಿನಿಂದ ಬಂದ ರಾತ್ರಿ ನನ್ನ ನೋಟುಪುಸ್ತಕದ ಮೊದಲ ಪುಟದಲ್ಲಿ ನಮ್ಮೂರಿನ ಕಲ್ಲಿನ ವಿವರವನ್ನು ಬರೆಯಲು ಕುಳಿತೆ. ಸ್ಥಳ: ಕೆರೆಯ ಏರಿ. ಎತ್ತರ: ಹುಡುಗನ ಎದೆಯವರೆಗೆ. ಮುಖ: ನೀರಿನ ಕಡೆಗಿತ್ತೆಂದು ನೆನಪು. ಮೇಲೆ ಕಾಣುವುದೇನು ಎಂಬಲ್ಲಿ ಪೆನ್ಸಿಲು ನಿಂತಿತು. ಬೆರಳಿಗೆ ತಗಲಿದ ಗೀರುಗಳ ನೆನಪಿದೆ, ಅಕ್ಷರಗಳ ನೆನಪಿಲ್ಲ. ಆ ಜಾಗ ಇನ್ನೂ ಖಾಲಿಯಾಗಿಯೇ ಇದೆ. ನಿಮ್ಮ ಊರಿನ ಏರಿಯ ಮೇಲೆಯೋ ಗುಡಿಯ ಹಿಂದೆಯೋ ಅಂತಹ ಕಲ್ಲೊಂದು ಇನ್ನೂ ನಿಂತಿದ್ದರೆ, ಬರುವ ಭಾನುವಾರ ನಾಲ್ವರು ಗೆಳೆಯರೊಡನೆ ಅಲ್ಲಿಯವರೆಗೆ ನಡೆದುಹೋಗಿ.