ಕಾಗೋಡಿನ ಕೊಳಗ

ಅಕ್ಕಂದಿರೇ, ಅಕ್ಕಿ ಅಳೆಯಲು ನಮ್ಮಲ್ಲಿ ಸೇರು, ಪಾವು ಇವೆ. ಹಿಂದೆ ಭತ್ತ ಅಳೆಯಲು ಕೊಳಗ ಇತ್ತು. ಆ ಕೊಳಗಕ್ಕಾಗಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೊಡ್ಡ ಹೋರಾಟವೇ ನಡೆಯಿತು.

ಗದ್ದೆ ಒಡೆಯರದು. ದುಡಿಮೆ ಗೇಣಿದಾರರದು. ಗಂಡಸರು ಉಳುತ್ತಿದ್ದರು. ಹೆಂಗಸರು ಸಸಿ ನೆಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಒಡೆಯರಿಗೆ ಗೇಣಿಯ ಭತ್ತ ಅಳೆದು ಕೊಡಬೇಕು. ಆದರೆ ಒಡೆಯರ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು. ಪ್ರತಿ ಕೊಳಗಕ್ಕೂ ಒಂದಿಷ್ಟು ಭತ್ತ ಹೆಚ್ಚಿಗೆ ಹೋಗುತ್ತಿತ್ತು. ಮನೆಯ ಗಂಜಿಗೆ ಅಷ್ಟು ಕಡಿಮೆ.

ಎಚ್. ಗಣಪತಿಯಪ್ಪ ಎಂಬ ಮೇಷ್ಟ್ರು 1948ರಲ್ಲಿ ರೈತ ಸಂಘ ಕಟ್ಟಿದರು. ಅಳತೆ ಸರಿ ಇರಲಿ ಎಂದು ರೈತರು ಕೇಳಿದರು. ಒಡೆಯರು ಗದ್ದೆ ಬಿಡಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ನೇಗಿಲು ಹಿಡಿದು ಗದ್ದೆಗೆ ಇಳಿದರು. ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ರೈತರ ಜೊತೆ ನಿಂತರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು. ಅವರನ್ನೂ ಬಂಧಿಸಿದರು.

ಗದ್ದೆ ಕೂಡಲೇ ಸಿಗಲಿಲ್ಲ. ಆದರೆ ಜನ ಓಟು ಹಾಕಿದರು. 1952ರಲ್ಲಿ ಸಾಗರ, ಹೊಸನಗರದವರು ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅಲ್ಲಿ ಅವರು ಗೇಣಿದಾರರ ಪರ ಮಾತಾಡಿದರು. 1972ರಲ್ಲಿ ತೀರಿಕೊಂಡರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಕಾಯ್ದೆ ತಂದು ಗೇಣಿ ಪದ್ಧತಿ ರದ್ದು ಮಾಡಿತು. ಉಳುವ ಎಷ್ಟೋ ಮಂದಿಗೆ ಗದ್ದೆ ಸ್ವಂತವಾಯಿತು.

ಈಗ ಕೊಳಗ ಹೋಗಿ ಕೇಜಿ ಬಂದಿದೆ. ಆದರೂ ಅಳತೆ ನೋಡುವ ಕಣ್ಣು ಬೇಕು. ರೇಷನ್ ಅಂಗಡಿಯಲ್ಲಿ ತೂಕದ ಅಂಕಿಯನ್ನು ನಾವೇ ಓದೋಣ. ಕಡಿಮೆ ಬಂದರೆ ಎಲ್ಲರೂ ಸೇರಿ ಕೇಳೋಣ.